ಬಿಳಿ ಡ್ರಮ್ಮುಗಳ ದಾರಿ

ಕಾರಿನಲ್ಲಿ ನನ್ನ ಗಂಡ ಮಾತಾಡುವವರಲ್ಲ. ಮದುವೆಯಾದ ಹೊಸದರಲ್ಲಿ ಇದು ನನಗೆ ಅವಮಾನವೆನಿಸುತ್ತಿತ್ತು. ಹಾಸನದಿಂದ ಹೊರಟು ಕುವೈತಿನಲ್ಲಿ ಇಳಿದ ದಿನ, ಏರ್‌ಪೋರ್ಟಿನಿಂದ ಹವಲ್ಲಿಯ ಮನೆಯವರೆಗೂ ನಾನು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಲೇ ಇದ್ದೆ. ಅವರು ತುಟಿ ಬಿಚ್ಚಲಿಲ್ಲ. ಮನೆಯ ಕೆಳಗೆ ಗಾಡಿ ನಿಲ್ಲಿಸಿ, ಕೀ ತೆಗೆದು, ಸೀಟ್ ಬೆಲ್ಟ್ ಬಿಚ್ಚಿ, ಆಮೇಲೆ ನಾನು ಕೇಳಿದ್ದಕ್ಕೆಲ್ಲ ಸಾಲಾಗಿ ಉತ್ತರ ಕೊಟ್ಟರು. ಒಂದು ಪ್ರಶ್ನೆಯನ್ನೂ ಮರೆತಿರಲಿಲ್ಲ. ಈ ಮನುಷ್ಯನ ಜೊತೆ ಬಾಳುವುದು ಕಷ್ಟ, ಆದರೆ ಮೋಸವಿಲ್ಲ ಅಂದುಕೊಂಡೆ.

ಹೀಗಿದ್ದವರು ಈ ಚಳಿಗಾಲದಲ್ಲಿ ಕಾರಿನಲ್ಲಿ ಮಾತಾಡತೊಡಗಿದರು. ಮೊದಮೊದಲು ಸಣ್ಣ ಮಾತು. ಆ ಹೊಸ ಅಂಗಡಿಯ ಹೆಸರೇನು, ಪಕ್ಕದಲ್ಲಿ ಬರುತ್ತಿರುವುದು ಬಸ್ಸಾ ಲಾರಿಯಾ, ಬಲಗಡೆ ಖಾಲಿ ಇದೆಯಾ. ಇಲ್ಲಿ ಓಡಿಸುವವರು ಎಡಕ್ಕೆ ಕೂರುತ್ತಾರೆ, ಹಾಗಾಗಿ ಬಲಗಡೆಯ ಕಿಟಕಿ ನನ್ನದು. ಅದರಾಚೆ ಕಂಡದ್ದನ್ನೆಲ್ಲ ನಾನು ಉಪ್ಪು ಖಾರ ಹಚ್ಚಿ ವರ್ಣಿಸುತ್ತಿದ್ದೆ. ಅವರು ಗಮನವಿಟ್ಟು ಕೇಳುತ್ತಿದ್ದರು. ಇಷ್ಟು ವರ್ಷದ ಮೇಲಾದರೂ ಈ ಗಂಡಸಿಗೆ ನನ್ನ ಮಾತು ರುಚಿಸಿತಲ್ಲ ಎಂದು ನನಗೆ ಒಳಗೊಳಗೇ ಸಂತೋಷ. ಊರಿನಲ್ಲಿರುವ ತಂಗಿಗೆ ಫೋನಿನಲ್ಲಿ ಹೇಳಿಕೊಂಡು ಬೀಗಿದ್ದೂ ಉಂಟು. ವಯಸ್ಸಾಗ್ತಾ ಗಂಡಸರು ಮೆತ್ತಗಾಗ್ತಾರೆ ಬಿಡೆ ಎಂದು ಅವಳು ನಕ್ಕಿದ್ದಳು.

ಅವರ ಕೆಲಸವೆಂದರೆ ಅರ್ಧ ದುರಸ್ತಿ, ಅರ್ಧ ಓಡಾಟ. ಕಂಪನಿಯ ಆಫೀಸು ಸಬ್ಹಾನ್‌ನಲ್ಲಿ, ಗೋದಾಮುಗಳ ನಡುವೆ. ತರಕಾರಿ, ಮಾಂಸ ಇಡುವ ಕೋಲ್ಡ್ ರೂಮುಗಳ ಯಂತ್ರ ಎಲ್ಲಿ ಕೆಟ್ಟರೂ ಇವರು ಗಾಡಿ ತೆಗೆದುಕೊಂಡು ಹೋಗಬೇಕು. ಗಾಡಿ ಓಡಿಸಲಾರದ ಸರ್ವೀಸ್ ಇಂಜಿನಿಯರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಕೆಲಸ ಹೋದರೆ ಇಕಾಮಾ, ಅಂದರೆ ಈ ದೇಶದಲ್ಲಿರಲು ಕೊಡುವ ಪರವಾನಗಿ, ಹೋಯಿತು, ಅವರ ಇಕಾಮಾ ಹೋದರೆ ಅದಕ್ಕೆ ಜೋತುಬಿದ್ದಿರುವ ನನ್ನದೂ ಹೋಯಿತು, ನನ್ನ ಟೀಚರ್ ಕೆಲಸವೂ ಹೋಯಿತು. ಇಲ್ಲಿರುವ ನಮ್ಮಂಥವರ ಮನೆಗಳೆಲ್ಲ ನಿಂತಿರುವುದು ಇಂಥ ಒಂದೇ ಗೂಟದ ಮೇಲೆ. ಅದು ಎಲ್ಲರಿಗೂ ಗೊತ್ತು, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಮೊದಲು ಅವರ ಆಫೀಸಿನ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ ಕುಂದಾಪುರದ ಕಡೆಯವರೊಬ್ಬರು ಈಗ ದಕ್ಷಿಣದ ತುದಿಯಲ್ಲಿ, ಕುವೈತಿ ಕುಟುಂಬವೊಂದರ ಸಮುದ್ರದ ಮನೆ ಕಾಯುತ್ತಾರೆ. ಮನೆಯವರು ಬರುವುದು ರಜೆಯಲ್ಲಿ ಮಾತ್ರ. ಉಳಿದ ದಿನವೆಲ್ಲ ಅಲ್ಲಿರುವುದು ಈ ಅಡುಗೆಯವರು, ಅಕ್ಕಪಕ್ಕದ ನಾಲ್ಕಾರು ಮನೆಯ ಕಾವಲುಗಾರರು, ಈಜಿಪ್ಟಿನ ಕೆಲವು ಮೀನುಗಾರರು. ಒಮ್ಮೆ ಬನ್ನಿ ಎಂದು ವರ್ಷಗಳಿಂದ ಕರೆಯುತ್ತಿದ್ದರು. ಗೊತ್ತಿಲ್ಲದ ಜಾಗಕ್ಕೆ ಕಾಲಿಡಲು ನನ್ನ ಗಂಡನಿಗೆ ಎಂದೂ ಮನಸ್ಸಿಲ್ಲ. ಇಲ್ಲಿ ರಜೆಯ ದಿನವಾದ ಶುಕ್ರವಾರವೆಂದರೆ ಮಾರ್ಕೆಟ್ಟು, ಮನೆ, ನಿದ್ದೆ. ಅಂಥವರು ಮಾರ್ಚ್ ತಿಂಗಳಲ್ಲಿ ಒಂದು ದಿನ, ಈ ಶುಕ್ರವಾರ ಅಲ್ಲಿಗೆ ಹೋಗೋಣ ಅಂದರು. ಕಾರಣ ಕೇಳಿದೆ. ಸುಮ್ಮನೆ ಅಂದರು. ಮಾತು ಬಂದ ಹಾಗೆ ಊರು ಸುತ್ತುವ ಆಸೆಯೂ ಬಂತು ಎಂದು ನಾನು ಚಿತ್ರಾನ್ನ ಕಲಸಿ ಡಬ್ಬಿ ಕಟ್ಟಿದೆ.

ಶುಕ್ರವಾರ ಬೆಳಿಗ್ಗೆ ಹವಲ್ಲಿಯ ರಸ್ತೆಗಳು ಖಾಲಿ. ಇವರು ಎಂದಿನಂತೆ ಅಚ್ಚುಕಟ್ಟಾಗಿ ಓಡಿಸಿದರು. ಯಾವ ತಿರುವಿನಲ್ಲಿ ಎಷ್ಟು ನಿಧಾನ, ಯಾವ ಸಿಗ್ನಲ್ಲಿನಲ್ಲಿ ಯಾವ ಸಾಲು, ಎಲ್ಲ ಕರಾರುವಾಕ್ಕು. ನುವೈಸೀಬ್ ಕಡೆಯ ಹೆದ್ದಾರಿ ಹಿಡಿದ ಮೇಲೆ ಬಲಗಡೆ ಮರುಭೂಮಿ ತೆರೆದುಕೊಂಡಿತು. ಚಳಿಗಾಲದ ಮೋಜಿಗೆಂದು ಹಾಕಿದ್ದ ಡೇರೆಗಳನ್ನು ಜನ ಬಿಚ್ಚುತ್ತಿದ್ದರು. ಕಂಬ, ಬಟ್ಟೆ, ಜನರೇಟರು ಎಲ್ಲವನ್ನೂ ಪಿಕಪ್ಪುಗಳಿಗೆ ತುಂಬುತ್ತಿದ್ದರು. ನಾನು ಅದನ್ನೆಲ್ಲ ಹೇಳುತ್ತಾ ಹೋದೆ. ಅವರು ಹೂಂ ಅನ್ನುತ್ತಿದ್ದರು.

ಫೋನಿನ ಮ್ಯಾಪಿನಲ್ಲಿ ಆ ಜಾಗಕ್ಕೆ ಹೆಸರಿಲ್ಲ. ಗುರುತುಗಳನ್ನು ಅಡುಗೆಯವರು ಹೇಳಿದ್ದರು, ನಾನು ಬರೆದುಕೊಂಡಿದ್ದೆ. ಮೇಲ್ಸೇತುವೆ ಹತ್ತಿ ಎಡಕ್ಕೆ, ಟಾರು ಮುಗಿಯುವವರೆಗೆ ನೇರ. ಆಮೇಲೆ ಬಿಳಿ ಬಣ್ಣ ಬಳಿದ ಡ್ರಮ್ಮುಗಳು ಸಿಗುತ್ತವೆ. ಅವು ಬಲಗಡೆಗೇ ಇರಬೇಕು. ಡ್ರಮ್ಮು ದಾಟಿ ಆಚೆ ಹೋದರೆ ಸಬ್ಖಾ, ಅಂದರೆ ಉಪ್ಪು ಹೆಪ್ಪುಗಟ್ಟಿದ ಕೆಸರು. ಮೇಲೆ ಗಟ್ಟಿ, ಒಳಗೆ ಹುದುಲು. ಗಾಡಿ ಇಳಿದರೆ ಕ್ರೇನೇ ಬರಬೇಕು. ಗುರುತು ಮತ್ತೊಮ್ಮೆ ಓದಿ ಹೇಳಲಾ ಎಂದು ಕೇಳಿದೆ. ಬೇಡ ಅಂದರು.

ಟಾರು ಮುಗಿಯಿತು. ರಸ್ತೆ ಅಂದರೆ ಹಿಂದೆ ಹೋದ ಗಾಡಿಗಳು ಬಿಟ್ಟುಹೋದ ಚಕ್ರದ ಗುರುತು ಅಷ್ಟೇ. ಅದೂ ಒಂದಲ್ಲ, ಹೆಣೆದು ಬಿಚ್ಚಿದ ಜಡೆಯ ಹಾಗೆ ಅಲ್ಲಲ್ಲಿ ಕವಲು. ಎಲ್ಲೆಲ್ಲೂ ಉಪ್ಪಿನ ಬಿಳುಪು, ಮೇಲೆ ಬಿಸಿಲು. ದೂರದಲ್ಲಿ ತೆಳ್ಳಗೆ ನೀಲಿ ಗೆರೆ ಕಂಡಿತು. ಸಮುದ್ರ ಅಂದೆ. ಅಲ್ಲೊಂದು ಹಳೆ ದೋಣಿ ಬಿದ್ದಿದೆ ಅಂದೆ. ಆಗ ಅವರು, "ಸ್ವಲ್ಪ ಹೊತ್ತು ಏನೂ ಹೇಳ್ಬೇಡ ಕಣೇ," ಅಂದರು.

ನನಗೆ ಸಿಟ್ಟು ಬಂತು. ಮೂರು ತಿಂಗಳು ಕೇಳಿ ಕೇಳಿ ಮಾತಾಡಿಸಿ, ಈಗ ಬಾಯಿ ಮುಚ್ಚು ಅಂದರೆ ಏನರ್ಥ? ಮುಖ ಕಿಟಕಿಗೆ ತಿರುಗಿಸಿ ಕೂತೆ. ಗಾಡಿ ಕುಲುಕಾಡುತ್ತಾ ಸಾಗಿತು. ಅವರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕತ್ತನ್ನು ಒಮ್ಮೆ ಪೂರಾ ಆ ಕಡೆ, ಒಮ್ಮೆ ಪೂರಾ ಈ ಕಡೆ ತಿರುಗಿಸುತ್ತಿದ್ದರು. ಮೊದಲ ಡ್ರಮ್ಮು ನನ್ನ ಕಿಟಕಿಗೆ ಉಜ್ಜುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಬೇಕೆಂದೇ ಹೀಗೆ ಓಡಿಸುತ್ತಿದ್ದಾರೆ, ನನ್ನ ಸಿಟ್ಟಿಗೆ ಉತ್ತರ ಕೊಡುತ್ತಿದ್ದಾರೆ ಅಂದುಕೊಂಡೆ. ಎರಡನೆಯದು ಎದುರಿಗೇ ಬರುತ್ತಿತ್ತು, ಸ್ವಲ್ಪ ಬಲಕ್ಕೆ. ಈಗ ಎಡಕ್ಕೆಳೆಯುತ್ತಾರೆ, ಈಗ ಎಳೆಯುತ್ತಾರೆ ಎಂದು ನೋಡುತ್ತಿದ್ದೆ. ಎಳೆಯಲಿಲ್ಲ. ಡ್ರಮ್ಮಿಗೆ ಬಂಪರು ಬಡಿದು, ಅದು ಢಣ್ಣೆಂದು ಉರುಳಿ ಸಬ್ಖಾದ ಮೇಲೆ ಹೋಗಿ ನಿಂತಿತು. ಗಾಡಿಯೂ ನಿಂತಿತು.

ಅವರು ಇಂಜಿನ್ ಆರಿಸಲಿಲ್ಲ. "ಏನದು?" ಎಂದು ಕೇಳಿದರು.

ನಾನು ಅವರ ಮುಖ ನೋಡಿದೆ. ತಮಾಷೆ ಇರಲಿಲ್ಲ. ಅಷ್ಟು ದೊಡ್ಡ ಡ್ರಮ್ಮು ಕಾಣಲಿಲ್ಲವೇನ್ರೀ ಅಂದೆ. ಇಲ್ಲ ಅಂದರು. ಮೊದಲನೆಯದು? ಅದೂ ಇಲ್ಲ. ನಂತರ ಇಂಜಿನ್ ಆರಿಸಿ, ಕೀ ತೆಗೆದು, ಕೆಳಗಿಳಿದು, ಬಂಪರನ್ನು ಕೈಯಿಂದ ಸವರಿ ನೋಡಿ, ಉರುಳಿದ ಡ್ರಮ್ಮನ್ನು ತಂದು ಅದರ ಜಾಗದಲ್ಲೇ ನಿಲ್ಲಿಸಿದರು. ನಾನೂ ಇಳಿದೆ. ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ.

ಅವರು ಡ್ರಮ್ಮಿಗೆ ಒರಗಿ ನಿಂತು, ಮನೆ ಕೆಳಗೆ ಗಾಡಿ ನಿಲ್ಲಿಸಿದ ಮೇಲೆ ಉತ್ತರ ಕೊಡುವ ರೀತಿಯಲ್ಲೇ, ಸಾಲಾಗಿ ಹೇಳಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ, ಗ್ಲಾಕೋಮಾ. ಎದುರಿನದು ಚೆನ್ನಾಗಿ ಕಾಣುತ್ತದೆ, ಪಕ್ಕದ್ದು ಸವೆಯುತ್ತಾ ಬಂದಿದೆ. ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿರುವ ಡ್ರಾಪ್ಸು, ನನಗೆ ಹೇಳಿದ್ದ ಹಾಗೆ, ಧೂಳಿಗೆ ಹಾಕಿಕೊಳ್ಳುವುದಲ್ಲ. ಗಾಡಿ ಓಡಿಸುವ ವಿಷಯ ಮುಂದಿನ ಸಲ ಪರೀಕ್ಷೆ ಮಾಡಿ ಹೇಳುತ್ತೇನೆ ಎಂದು ಡಾಕ್ಟರು ಹೇಳಿದ್ದರು. ಆ ಮುಂದಿನ ಸಲಕ್ಕೆ ಇವರು ಹೋಗಿರಲಿಲ್ಲ.

"ಊರೊಳಗೆ ಓಡಿಸೋದು ಕಣ್ಣಿಂದ ಅಲ್ಲ ಕಣೇ," ಅಂದರು. "ಅಭ್ಯಾಸದಿಂದ. ಎಲ್ಲೆಲ್ಲಿ ಏನಿದೆ ಅಂತ ಎಲ್ಲ ಗೊತ್ತಲ್ಲ. ಅದಕ್ಕೇ ಗೊತ್ತಿಲ್ಲದ ರಸ್ತೆ ಬೇಕಿತ್ತು. ನಂಗೆ ನಿಜವಾಗ್ಲೂ ಎಷ್ಟು ಕಾಣುತ್ತೆ ಅಂತ ಗೊತ್ತಾಗ್ಬೇಕಿತ್ತು."

"ಅದಕ್ಕೆ ನನ್ನ ಬಾಯಿ ಮುಚ್ಚಿಸಿದ್ರಾ?"

"ನೀನು ಹೇಳ್ತಾ ಇದ್ರೆ ನಂಗೆ ಕಾಣುತ್ತಲ್ಲ."

ನಾನು ಆ ಬಿಸಿಲಲ್ಲಿ ನಿಂತು ಮೂರು ತಿಂಗಳ ಮಾತನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಬಸ್ಸಾ ಲಾರಿಯಾ. ಬಲಗಡೆ ಖಾಲಿ ಇದೆಯಾ. ನಾನು ತಂಗಿಯ ಮುಂದೆ ಬೀಗಿದ್ದು. ಅಳು ಬಂತು ಅಂದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ನಾಚಿಕೆ, ಅದರ ಹಿಂದೆಯೇ ಸಿಟ್ಟು: ಹೇಳಬಾರದಿತ್ತೇ, ನಾನೇನು ಬೇರೆಯವಳೇ. ಅದಾದ ಮೇಲೆ ಹೆದರಿಕೆ. ಪ್ರತಿದಿನ ಸಬ್ಹಾನ್‌ಗೆ ಹೋಗಿ ಬರುವ ಆ ಲಾರಿಗಳ ನಡುವೆ ಈ ಮನುಷ್ಯ ಒಬ್ಬನೇ, ಪಕ್ಕದಲ್ಲಿ ಹೇಳುವವರಿಲ್ಲದೆ ಓಡಿಸುತ್ತಿದ್ದದ್ದು ಹೇಗೆ? ಅದನ್ನು ಕೇಳಲಿಲ್ಲ. ಉತ್ತರ ಬೇಕಿರಲಿಲ್ಲ.

ಅವರು ಕೀಯನ್ನು ನನ್ನ ಕೈಗೆ ಕೊಟ್ಟು, ಗಾಡಿಯನ್ನು ಸುತ್ತಿ ಹೋಗಿ ನನ್ನ ಸೀಟಿನಲ್ಲಿ ಕೂತರು.

ನನಗೆ ಲೈಸೆನ್ಸ್ ಇದೆ. ಬಹಳ ಹಿಂದೆಯೇ ತೆಗೆದದ್ದು. ಆದರೆ ಸ್ಕೂಲಿಗೆ ಸ್ಕೂಲ್ ಬಸ್ಸಿದೆ, ಉಳಿದಂತೆ ಕೋ-ಆಪ್ ಅಂಗಡಿಯ ತನಕ ಓಡಿಸಿದ್ದೇ ನನ್ನ ದೊಡ್ಡ ಸವಾರಿ. ನಾನು ಓಡಿಸಿದಾಗಲೆಲ್ಲ ಇವರು ಮಾತಿಲ್ಲದೆಯೇ, ಬರೀ ಉಸಿರು ಎಳೆದುಕೊಳ್ಳುವುದರಲ್ಲೇ ಎಷ್ಟು ತಪ್ಪು ಹಿಡಿಯುತ್ತಿದ್ದರೆಂದರೆ, ನನಗೆ ಆ ಸಹವಾಸವೇ ಬೇಡವಾಗಿತ್ತು. ಅವತ್ತು ಉಸಿರು ಎಳೆಯಲಿಲ್ಲ. ಗಾಡಿ ಒಂದು ಹಳ್ಳಕ್ಕೆ ಧುಮುಕಿ ನಮ್ಮಿಬ್ಬರ ತಲೆಯೂ ಮೇಲೆ ತಾಗಿದಾಗಲೂ ಸುಮ್ಮನಿದ್ದರು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಉಳಿದ ಡ್ರಮ್ಮುಗಳನ್ನೆಲ್ಲ ಬಲಕ್ಕೇ ಇಟ್ಟುಕೊಂಡು ಹೋಗಿ ಸೇರಿದೆವು.

ಊರು ಎಂದರೆ ಬಣ್ಣ ಕಿತ್ತುಹೋದ ಏಳೆಂಟು ಮನೆ, ತಗಡಿನ ಮೀನಿನ ಶೆಡ್ಡು, ನಮಾಜಿಗೆಂದು ಇಟ್ಟಿರುವ ಒಂದು ಪೋರ್ಟಾ ಕ್ಯಾಬಿನ್ನು, ನಾಯಿಗಳು. ಅಡುಗೆಯವರು ಓಡಿಬಂದು ನಾನು ಸ್ಟೇರಿಂಗ್ ಮುಂದೆ ಕೂತಿರುವುದನ್ನು ನೋಡಿ, "ಹೋ, ಇವತ್ತು ಅಕ್ಕನೇ ಡ್ರೈವರ್ರಾ, ಸಾರ್‌ಗೆ ಎಂತ ರಾಜಯೋಗ ಮಾರಾಯ್ರೆ," ಅಂದರು. ನಾವಿಬ್ಬರೂ ನಕ್ಕೆವು. ಬಂಪರಿನ ಮೇಲಿನ ಬಿಳಿ ಬಣ್ಣ ಅವರ ಕಣ್ಣಿಗೆ ಬಿದ್ದಿರಬೇಕು, ಕೇಳಲಿಲ್ಲ. ನಮಗೆಂದೇ ಮೀನಿಲ್ಲದ ಅಡುಗೆ ಮಾಡಿದ್ದರು: ಕುಚ್ಚಲಕ್ಕಿ ಅನ್ನ, ತೊಂಡೆಕಾಯಿ ಪಲ್ಯ, ಬೆಳ್ಳುಳ್ಳಿ ಒಗ್ಗರಣೆಯ ಸಾರು. ನನ್ನ ಚಿತ್ರಾನ್ನವನ್ನು ಅವರೇ ಮುಗಿಸಿದರು.

ಊಟವಾದ ಮೇಲೆ ನನ್ನ ಗಂಡ ಒಬ್ಬರೇ ನೀರಿನ ಅಂಚಿಗೆ ಹೋಗಿ ನಿಂತರು. ಅಲ್ಲಿ ಅಲೆ ಎಂಬುದಿಲ್ಲ, ನೀರು ಬಂದು ಮರಳನ್ನು ನೆಕ್ಕಿ ಹೋಗುತ್ತದೆ ಅಷ್ಟೇ. ಅವರು ಕತ್ತನ್ನು ನಿಧಾನವಾಗಿ ಎಡದ ತುದಿಯಿಂದ ಬಲದ ತುದಿಯವರೆಗೆ ತಿರುಗಿಸಿದರು. ಮತ್ತೆ ಬಲದಿಂದ ಎಡಕ್ಕೆ. ಸಮುದ್ರವನ್ನು ಪೂರ್ತಿ ನೋಡಬೇಕಾದರೆ ಅವರಿಗೆ ಅಷ್ಟು ಹೊತ್ತು ಬೇಕಾಗಿತ್ತು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಹತ್ತಿರ ಹೋಗಿ ನಿಲ್ಲಬೇಕೆನಿಸಿತು, ಹೋಗಲಿಲ್ಲ.

ವಾಪಸು ಬರುವಾಗ ಹೆದ್ದಾರಿಯಲ್ಲೂ ನಾನೇ ಓಡಿಸಿದೆ. ಅವರು ಬಲಗಡೆಯ ಸೀಟಿನಲ್ಲಿ ಕೂತು, ರಸ್ತೆಯನ್ನು ಬಾಯಿಪಾಠ ಒಪ್ಪಿಸುವಂತೆ ಒಪ್ಪಿಸಿದರು. ಮುಂದೆ ಕ್ಯಾಮೆರಾ ಇದೆ, ಈಗ ಇಳಿಜಾರು, ಇಲ್ಲಿ ಎಡಗಡೆಯಿಂದ ನುಗ್ಗುತ್ತಾರೆ. ಎಲ್ಲವೂ ಅವರು ಹೇಳಿದಲ್ಲೇ ಇತ್ತು. ಹವಲ್ಲಿ ಹತ್ತಿರವಾದಾಗ, ಭಾನುವಾರ ಆಫೀಸು ತೆರೆದ ಕೂಡಲೇ ಹೇಳ್ತೀನಿ ಅಂದರು. ಹೂಂ ಅಂದೆ.

ಹೇಳಿದರು. ಕಂಪನಿಯ ಗಾಡಿ ವಾಪಸು ಕೊಟ್ಟರು. ಮ್ಯಾನೇಜರು ಒಳ್ಳೆಯವನೇ; ಕಾಂಟ್ರಾಕ್ಟ್ ಮುಗಿಯುವವರೆಗೆ ಸ್ಟೋರಿನಲ್ಲಿ ಕೂರು ಅಂದಿದ್ದಾನೆ. ಆಮೇಲಿನದು ಅವನ ಕೈಯಲ್ಲೂ ಇಲ್ಲ. ಡಾಕ್ಟರ ಹತ್ತಿರ ಈಗ ಇಬ್ಬರೂ ಹೋಗುತ್ತೇವೆ. ತಂಗಿಗೆ ಮಾತ್ರ ಇನ್ನೂ ಹೇಳಿಲ್ಲ. ಅವಳು ಈಗಲೂ ಫೋನಿನಲ್ಲಿ, ಭಾವ ಕಾರಲ್ಲಿ ಮಾತಾಡ್ತಾರಾ ಎಂದು ಕೇಳುತ್ತಾಳೆ. ಆಡ್ತಾರೆ ಅನ್ನುತ್ತೇನೆ. ಅದು ನಿಜವೇ.

ಬೆಳಿಗ್ಗೆ ನಮ್ಮ ಸ್ವಂತ ಕಾರಿನಲ್ಲಿ ಅವರನ್ನು ಸಬ್ಹಾನ್‌ಗೆ ಬಿಟ್ಟು ನಾನು ಸ್ಕೂಲಿಗೆ ಹೋಗುವುದು ಈಗಿನ ಪದ್ಧತಿ. ಗೋದಾಮಿನ ಗಲ್ಲಿಗೆ ಹೋಗಲು ದೊಡ್ಡ ರಸ್ತೆಯಲ್ಲಿ ಬಲಗಡೆಯ ಸಾಲಿಗೆ ಸರಿಯಬೇಕು. ನಾನು ಕನ್ನಡಿ ನೋಡುತ್ತೇನೆ, ಭುಜದ ಮೇಲಿಂದಲೂ ನೋಡುತ್ತೇನೆ. ಆಮೇಲೆ, ಬಲಗಡೆ ಖಾಲಿ ಇದೆಯಾ ಎಂದು ಅವರನ್ನು ಕೇಳುತ್ತೇನೆ. ಅವರು ಸೀಟಿನಲ್ಲಿ ಪೂರಾ ತಿರುಗಿ, ಕತ್ತು ಹೊರಳಿಸಿ, ಹಿಂದಿನಿಂದ ಮುಂದಿನವರೆಗೆ ಒಂದೊಂದೇ ಗಾಡಿಯನ್ನು ನೋಡಿ, ಅವಸರವಿಲ್ಲದೆ, "ಖಾಲಿ ಇದೆ, ಹೋಗು," ಅನ್ನುತ್ತಾರೆ. ಅಷ್ಟರಲ್ಲಿ ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿರುತ್ತಾರೆ. ಹೊಡೆಯಲಿ ಬಿಡಿ, ಅವರು ಹೇಳುವವರೆಗೆ ನಾನು ಸ್ಟೇರಿಂಗ್ ತಿರುಗಿಸುವುದಿಲ್ಲ.