ಬಿಲ್ಲೆಯಮ್ಮನ ಮೊಳೆಗಳು

ಕರಾವಳಿಯ ಉತ್ತರದ ತುದಿಯಲ್ಲಿರುವ ನಮ್ಮ ಪುಟ್ಟ ಊರಿಗೆ ಬಂದವರು ನೋಡುವುದು ಮೂರೇ: ದೀಪಸ್ತಂಭ, ತಿಮಿಂಗಿಲದ ಎಲುಬು ಇಟ್ಟಿರುವ ಕೋಣೆ, ಕಡಲಗುಹೆ. ಮೊದಲೆರಡು ಕಡೆ ಜನ ಆಕಳಿಸುತ್ತಾರೆ, ಗುಹೆಗೆ ಮಾತ್ರ ಮುಗಿಬೀಳುತ್ತಾರೆ. ಕಡಲು ಇಳಿದಾಗ ಎರಡು ಗಂಟೆ ಅದು ತೆರೆದಿರುತ್ತದೆ. ಆಮೇಲೆ ಒಳಗೆಲ್ಲ ನೀರೇ ನೀರು.

ಅದರ ಬಾಗಿಲು ಕಾಯುವವಳು ನನ್ನ ಸೋದರತ್ತೆ, ಊರಿಗೆಲ್ಲ ಬಿಲ್ಲೆಯಮ್ಮ. ಒಳಗೆ ಹೋಗುವ ಒಬ್ಬೊಬ್ಬರಿಗೂ ಹಲಗೆಯ ಮೊಳೆಯಿಂದ ತೆಗೆದು ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಾಳೆ. ಅವರು ಹೊರಬಂದು ಮರಳಿಸಿದ್ದನ್ನು ಮತ್ತೆ ಮೊಳೆಗೆ ತೂಗುಹಾಕುತ್ತಾಳೆ. ಮೂವತ್ತು ಮೊಳೆಯೂ ತುಂಬಿದರೆ ಎಲ್ಲರೂ ಹೊರಬಂದಂತೆ, ಕಬ್ಬಿಣದ ಬಾಗಿಲಿಗೆ ಬೀಗ. ಇಪ್ಪತ್ತೆರಡು ವರ್ಷ ತನ್ನ ಲೆಕ್ಕ ತಪ್ಪಿಲ್ಲವೆಂದು ಅವಳಿಗೆ ಎಲ್ಲಿಲ್ಲದ ಜಂಭ. ಟಿಕೆಟ್ ಹರಿಯುವ ನನಗೆ ಅದನ್ನು ಕೇಳಿ ಕೇಳಿ ಕಿವಿ ತೂತಾಗಿತ್ತು. ಆದರೆ ಇಷ್ಟು ವರ್ಷದಲ್ಲಿ ಅವಳು ಗುಹೆಯ ಮೂರನೇ ಮೆಟ್ಟಿಲು ದಾಟಿದವಳಲ್ಲ. ಒಳಗಿನ ಕತ್ತಲೆಂದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಇದು ನನಗೊಬ್ಬಳಿಗೇ ಗೊತ್ತು.

ಆ ಮಧ್ಯಾಹ್ನವೂ ಮೊಳೆಗಳೆಲ್ಲ ತುಂಬಿದವು. ಅತ್ತೆ ಬೀಗ ಜಡಿದು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ಸಂಕೋಚದಿಂದ, ತಮ್ಮ ಹೆಂಡತಿ ಇನ್ನೂ ಬರಲಿಲ್ಲವಲ್ಲ ಎಂದರು. ಆಕೆಗೆ ಮಂಡಿನೋವು, ನಿಧಾನಕ್ಕೆ ಬರುತ್ತೇನೆ ಅಂದಿದ್ದರಂತೆ. ಬಟ್ಟೆಗೆ ಜೇಬಿಲ್ಲ, ಕೈಯಲ್ಲಿ ಕೋಲು ಬೇರೆ. ಹಾಗಾಗಿ ಹೆಂಡತಿಯ ಬಿಲ್ಲೆಯನ್ನೂ ಈ ಪುಣ್ಯಾತ್ಮರೇ ತಂದು ಕೊಟ್ಟಿದ್ದರು.

ಅತ್ತೆ ಚಹಾ ಬಿಟ್ಟು ಬಾಗಿಲಿಗೆ ಓಡಿದಳು. ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ಕೊನೆಗೆ ನಾನೇ ಬೀಗ ತೆಗೆದೆ. ಕೆಳಗಿನ ಮೆಟ್ಟಿಲುಗಳು ಆಗಲೇ ಮುಳುಗಿದ್ದವು. ಕೂಗಿದೆವು, ಉತ್ತರವಿಲ್ಲ. ನಾನು ಹೋಗುತ್ತೇನೆಂದರೂ ಕೇಳದೆ ಅವಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತುದಿಯನ್ನು ನನ್ನ ಕೈಗಿಟ್ಟಳು.

"ಬೀಗ ಹಾಕಿದ್ದು ನಾನು ಕಣೆ," ಅಂದಳು.

ಟಾರ್ಚಿನ ಬೆಳಕು ತಿರುವಿನಲ್ಲಿ ಮರೆಯಾಯಿತು. ಹಗ್ಗ ಸ್ವಲ್ಪ ದೂರ ಸರಿದು ನಿಂತುಬಿಟ್ಟಿತು. ಅಷ್ಟು ಭಯ ನಾನು ಹುಟ್ಟಿದಾಗಿನಿಂದ ಪಟ್ಟಿರಲಿಲ್ಲ. ಎಳೆದರೆ ಅವಳು ಜಾರಿಯಾಳು, ಎಳೆಯದಿದ್ದರೆ ಮುಳುಗಿಯಾಳು. ಮುದುಕರು ನನ್ನ ಪಕ್ಕದಲ್ಲಿ ನಿಂತು, ಅವಳ ಬಿಲ್ಲೆ ನಾನು ತರಬಾರದಿತ್ತು, ತರಬಾರದಿತ್ತು ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ನೀರು ನನ್ನ ಮಂಡಿಗೆ ಬಂದಾಗ ಹಗ್ಗ ಜಗ್ಗಿತು. ಇಬ್ಬರೂ ಸೇರಿ ಎಳೆದೆವು. ಅತ್ತೆ ಎದೆಮಟ್ಟ ನೀರಿನಲ್ಲಿ ಬಂದಳು, ಬೆನ್ನ ಮೇಲೆ ಆ ಹೆಂಗಸು. ಜಾರಿಬಿದ್ದು ಬಂಡೆಯ ಮೇಲೆ ಕೂತಿದ್ದ ಆಕೆಯ ಕೂಗು ಅಲೆಯ ಸದ್ದಿನಲ್ಲಿ ನಮಗೆ ಕೇಳಿಸಿರಲಿಲ್ಲ.

ಸಂಜೆ ನೆರೆಹೊರೆಯವರು ಮನೆಗೆ ಬಂದು ಹೊಗಳಿದ್ದೇ ಹೊಗಳಿದ್ದು. ಅತ್ತೆ ಕಂಬಳಿ ಹೊದ್ದು ಕೂತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಒಳಗೆ ಬಿದ್ದಿತ್ತು ಅಂತ ಎಷ್ಟು ಜನ ಬಿಲ್ಲೆ ತಂದ್ಕೊಟ್ಟಿಲ್ಲ, ಹೇಳು. ನಾನೂ ಖುಷಿಯಾಗಿ ಮೊಳೆಗೆ ಹಾಕ್ಕೊಂಡೆ. ಬೀಳಿಸ್ಕೊಂಡವರು ಆಚೆ ಬಂದ್ರಾ ಅಂತ ಒಂದು ದಿನಾನಾದ್ರೂ ನೋಡಿದ್ನಾ?"

ಹಾಗೇನಾದರೂ ಆಗಿದ್ದರೆ ಅವರ ಕಡೆಯವರು ಹುಡುಕಿಕೊಂಡು ಬರುತ್ತಿರಲಿಲ್ಲವೇ ಎಂದೆ.

"ಒಂಟಿಯಾಗಿ ಬಂದವರನ್ನ ಯಾರು ಹುಡುಕ್ತಾರೆ?"

ಒಂಟಿಯಾಗಿ ಬಂದವರಿಗೆ ಟಿಕೆಟ್ ಹರಿದು ಕೊಟ್ಟವಳು ನಾನೇ. ಅವರಲ್ಲಿ ಒಬ್ಬರ ಮುಖವೂ ನನಗೆ ನೆನಪಿರಲಿಲ್ಲ.