ಶಂಕ್ರಪ್ಪ ಕಾಕಾ ಹೊತ್ತು ತಂದ ಇಂಗ್ಲಿಷು

ಶಂಕ್ರಪ್ಪ ಕಾಕಾನಿಗೆ ಎಬಿಸಿಡಿಯೂ ಬರುತ್ತಿರಲಿಲ್ಲ. ಆದರೆ ಅವರು ಬಾಯಿ ತೆರೆದರೆ ದೊಡ್ಡ ಡಾಕ್ಟರೊಬ್ಬರು ಎದುರು ನಿಂತು ಇಂಗ್ಲಿಷಿನಲ್ಲಿ ಮಾತಾಡಿದ ಹಾಗೇ ಇರುತ್ತಿತ್ತು. ಕಣ್ಣು ಮುಚ್ಚಿ, ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತ, ಬೆಳಗ್ಗೆ ಡಾಕ್ಟರು ಹಾಸಿಗೆಯ ಬಳಿ ಆಡಿದ್ದನ್ನು ಒಂದು ಶಬ್ದ ಬಿಡದೆ ಒಪ್ಪಿಸುತ್ತಿದ್ದರು. ಡಾಕ್ಟರು ನಡುವೆ ಕೆಮ್ಮಿದ್ದರೆ ಇವರೂ ಕೆಮ್ಮುತ್ತಿದ್ದರು. ಒಮ್ಮೆ ಮಾತಿನ ಮಧ್ಯೆ "ಹಲೋ, ಹಾಂ, ಆಮೇಲೆ ಮಾಡ್ತೀನಿ" ಎಂದೂ ಸೇರಿಸಿದರು. ಡಾಕ್ಟರಿಗೆ ಆಗ ಫೋನು ಬಂದಿತ್ತಂತೆ.

ಮುಗದ ಎಂಬ ಹಳ್ಳಿಯ ಭಜನಿ ಮೇಳದಲ್ಲಿ ನಲವತ್ತು ವರ್ಷ ಹಾಡಿದ ಜೀವ ಅದು. ಪುಸ್ತಕ ಹಿಡಿದವರಲ್ಲ, ಹಿರಿಯರ ಬಾಯಿಂದ ಕೇಳಿ ಕೇಳಿಯೇ ನೂರಾರು ಪದ ಕಲಿತವರು. "ಅರ್ಥ ಆಮ್ಯಾಲೆ ತಿಳೀತೈತ್ರಿ ಅಕ್ಕೋರ, ಮೊದಲ ಕಿವ್ಯಾಗ ಇಟ್ಕೋಬೇಕು" ಎನ್ನುತ್ತಿದ್ದರು. ಅರ್ಥವೆಲ್ಲ ಗೊತ್ತಿದ್ದೂ ಬಾಯಿ ಬಿಡದ ನನ್ನ ವಿದ್ಯಾರ್ಥಿಗಳನ್ನು ಕಂಡು ತಲೆ ಚಚ್ಚಿಕೊಳ್ಳುತ್ತಿದ್ದ ನನಗೆ ಈ ಮನುಷ್ಯ ಒಂದು ಸೋಜಿಗ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲೆ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಕೆಳಗೆ ತೂಗುಹಾಕಿದ ಬೋರ್ಡಿನ ಮೇಲೆ 'ಮೂವತ್ತು ದಿನಗಳಲ್ಲಿ ಇಂಗ್ಲಿಷ್' ಎಂದು ಬರೆಸಿದ್ದೇನೆ. ಸುಳ್ಳೇ, ಆದರೆ ಎಲ್ಲರೂ ಬರೆಸುತ್ತಾರೆ. ಒಂದು ಮುಂಜಾನೆ ಹನ್ನೊಂದರ ಹೊತ್ತಿಗೆ ಬಿಳಿ ಟೋಪಿ, ಮಾಸಿದ ಧೋತರದ ಈ ಮನುಷ್ಯ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು. ಯಾರನ್ನೋ ಹುಡುಕಿಕೊಂಡು ಬಂದಿರಬೇಕು ಅಂದುಕೊಂಡೆ.

"ಬೋರ್ಡ್ ಓದಿಸ್ಕೊಂಡು ಬಂದೇನ್ರಿ ಅಕ್ಕೋರ. ಆದ್ರ ನನಗ ಮೂವತ್ತು ದಿನ ಇಲ್ರಿ. ಇವತ್ತಿನ ಮಾತು ಇವತ್ತ ತಿಳೀಬೇಕು."

ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರು ವಿಷಯ ಹೇಳಿದರು. ಹೆಂಡತಿ ಗಂಗವ್ವನನ್ನು ಹಿಂದಿನ ರಸ್ತೆಯ ಆಸ್ಪತ್ರೆಗೆ ಸೇರಿಸಿ ಎಂಟು ದಿನವಾಗಿತ್ತು. ಜ್ವರವೆಂದು ಶುರುವಾದದ್ದು ಕಿಡ್ನಿಗೆ ಇಳಿದಿತ್ತು. ಡಾಕ್ಟರು ದಿನಾ ಒಂಬತ್ತಕ್ಕೆ ಬರುತ್ತಾರೆ, ಜೊತೆಗಿದ್ದ ಸಣ್ಣ ಡಾಕ್ಟರುಗಳಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಾರೆ, ಇವರ ಕಡೆ ತಿರುಗಿ ಕನ್ನಡದಲ್ಲಿ "ನೋಡೋಣ್ರಿ, ನಮ್ಮ ಪ್ರಯತ್ನ ನಾವು ಮಾಡಾಕತ್ತೇವಿ" ಎಂದು ಹೊರಟುಬಿಡುತ್ತಾರೆ.

"ಖರೇ ಮಾತೆಲ್ಲಾ ಇಂಗ್ಲಿಷಿನ್ಯಾಗ ಆಡ್ತಾರ್ರಿ. ನನ್ನ ಪಾಲಿಗೆ ಬರೇ ನೋಡೋಣ" ಎಂದರು ಕಾಕಾ.

ಆ ದಿನ ಅವರು ಒಪ್ಪಿಸಿದ್ದು, "ಶಿ ಈಸ್ ನಾಟ್ ಔಟ್ ಆಫ್ ದ ವುಡ್ಸ್ ಯೆಟ್." ಅಡವಿಯಿಂದ ಇನ್ನೂ ಹೊರಬಂದಿಲ್ಲ, ಅಂದರೆ ಅಪಾಯ ಇನ್ನೂ ಕಳೆದಿಲ್ಲ ಎಂದು ಬಿಡಿಸಿ ಹೇಳಿದೆ. ಕಾಕಾನ ಮುಖ ಅರಳಿತು.

"ಅಡವಿಗೆ ಅಂಜಾಂವ ಅಲ್ರಿ ನಾ. ಮುಗದದಿಂದ ಅಳ್ನಾವರ ಮಟಾ ಅಡವ್ಯಾಗ ನಡದಾಂವ. ದಾರಿ ಒಂದ್ ತಿಳಿದ್ರ ಆತು."

ಅಂದಿನಿಂದ ದಿನಾ ಹನ್ನೊಂದಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂರತೊಡಗಿದರು. ನನ್ನ ಪಾಠ ಮುಗಿಯುವವರೆಗೆ ಬಾಯಲ್ಲಿ ಡಾಕ್ಟರ ಮಾತನ್ನು ಹಿಡಿದುಕೊಂಡೇ ಇರುತ್ತಿದ್ದರು. ಯಾರಾದರೂ ಮಾತಾಡಿಸಿದರೆ ಕೈಸನ್ನೆಯಲ್ಲೇ ತಡೆಯುತ್ತಿದ್ದರು, ಎಲ್ಲಿ ಚೆಲ್ಲಿಹೋಗುತ್ತದೋ ಎಂಬಂತೆ. ಬರಬರುತ್ತ ನನ್ನ ಹುಡುಗಿಯರು ನನ್ನ ಪಾಠಕ್ಕಿಂತ ಕಾಕಾನ ಮಾತಿಗೇ ಕಿವಿ ಕೊಡತೊಡಗಿದರು. 'ಕೀಪ್ ಆ್ಯನ್ ಐ ಆನ್ ಹರ್' ಅಂದರೆ ಕಣ್ಣಿಟ್ಟಿರು ಎಂಬುದು ಅವರಿಗೆ ಮರೆಯದಂತೆ ತಿಳಿದದ್ದು ನನ್ನಿಂದಲ್ಲ. ಗಂಗವ್ವನ ಬಿಪಿ 'ಪಿಕಿಂಗ್ ಅಪ್', ಅಂದರೆ ಸುಧಾರಿಸುತ್ತಿದೆ ಎಂದು ಡಾಕ್ಟರು ಹೇಳಿದ ದಿನ ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಮರುದಿನ ಕಾಕಾ ಟವೆಲಿನಲ್ಲಿ ಪೇರಲ ಹಣ್ಣು ಕಟ್ಟಿಕೊಂಡು ಬಂದು ಎಲ್ಲರಿಗೂ ಹಂಚಿದರು.

ಒಂದು ದಿನ ಪಾಠದಲ್ಲಿ 'ಹ್ಯಾಂಗ್ ಇನ್ ದೇರ್' ಬಂತು. ಕಷ್ಟದಲ್ಲಿರುವವರಿಗೆ, ಕೈ ಬಿಡಬೇಡ, ಗಟ್ಟಿಯಾಗಿರು ಎಂದು ಹೇಳುವ ಮಾತು ಎಂದೆ. ಕಾಕಾ ಅದನ್ನು ಎರಡು ಸಲ ಹೇಳಿಸಿಕೊಂಡು ಆಸ್ಪತ್ರೆಗೆ ಒಯ್ದರು.

ಅದೇ ವಾರ ನಾನು ಗಂಗವ್ವನನ್ನು ನೋಡಲು ಹೋದೆ. ಕೈಕಾಲು ಬಾತಿದ್ದವು, ದನಿ ಕ್ಷೀಣವಾಗಿತ್ತು. ಆದರೂ ನನ್ನನ್ನು ಕಂಡು ನಕ್ಕಳು. "ಮುಂಜಾನೆದ್ದು ಅದೇನೋ ಹ್ಯಾಂಗ್ ಹ್ಯಾಂಗ್ ಅಂತಾರ್ರಿ ಇವ್ರು. ನಾ ಹ್ಯಾಂಗ ಅದೇನಿ ಅಂತ ನೋಡಂಗಿಲ್ಲ. ನೀವರೆ ಹೇಳ್ರಿ ಅಕ್ಕೋರ, ನನ್ನ ಮನಿಗೆ ಕರ್ಕೊಂಡು ಹೋಗ್ರಿ ಅಂತ. ನನ್ನ ಪಡಸಾಲ್ಯಾಗ ಜೀವ ಹೋಗ್ಲಿ. ಇಲ್ಲಿ ಸೂಜಿ ನಡುವ ಬ್ಯಾಡ."

ಕಾಕಾ ನನ್ನನ್ನು ವರಾಂಡಕ್ಕೆ ಕರೆದೊಯ್ದರು. ತಾಳವಿಲ್ಲ, ಕಣ್ಣು ಮುಚ್ಚಿಲ್ಲ. ನನ್ನನ್ನೇ ನೋಡುತ್ತಾ ಹೇಳಿದರು.

"ಆಕಿ ಉಳಿಯೋದಿದ್ರ ಎಷ್ಟ ಅತ್ರೂ ಇಲ್ಲೇ ಇಡ್ತೇನಿ. ಉಳಿಯಂಗಿಲ್ಲ ಅಂದ್ರ ಇವತ್ತ ಮನಿಗೆ ಒಯ್ತೇನಿ. ಎರಡ್ರಾಗ ಯಾವುದು ಅಂತ ನನಗ ತಿಳೀಬೇಕ್ರಿ. ಅದಕ್ಕ ನಿಮ್ಮ ಕಡೆ ಬರಾಕತ್ತೇನಿ."

ನಾನು ಧೈರ್ಯ ಮಾಡಿ ಡಾಕ್ಟರ ಕೋಣೆಗೆ ಹೋದೆ. ನೀವು ಪೇಷಂಟಿಗೆ ಏನಾಗಬೇಕು ಎಂದು ಕೇಳಿದರು. ಏನೂ ಆಗಬೇಕಾಗಿಲ್ಲವೆಂದೆ. ಹಾಗಾದರೆ ಮನೆಯವರನ್ನು ಕಳಿಸಿ ಎಂದರು. ಮನೆಯವರೆಂದು ಕಾಕಾ ಹೋದರು. ಅವರಿಗೆ ಸಿಕ್ಕಿದ್ದು ಮತ್ತದೇ ನೋಡೋಣ.

ಆರು ದಿನ ಕಳೆದ ಮೇಲೆ ಒಂದು ಸೋಮವಾರ ಕಾಕಾ ಹತ್ತೂವರೆಗೇ ಬಂದರು. ಪಾಠ ಮುಗಿಯಲೆಂದು ಕಾಯಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿ ಒಪ್ಪಿಸಿದರು. "ಶಿ ಈಸ್ ಸ್ಲಿಪಿಂಗ್ ಅವೇ. ಎ ಡೇ ಆರ್ ಟೂ ಅಟ್ ದ ಮೋಸ್ಟ್. ಡೋಂಟ್ ಟೆಲ್ ದ ಓಲ್ಡ್ ಮ್ಯಾನ್."

ಜೀವ ಜಾರುತ್ತಿದೆ, ಹೆಚ್ಚೆಂದರೆ ಒಂದೆರಡು ದಿನ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು, ಅವಳಿಗೆ ತಿಳಿದಿತ್ತು. ಮುದುಕನಿಗೆ ಹೇಳಬೇಡಿ ಎಂಬ ಮಾತನ್ನು ಆ ಮುದುಕನೇ ಜೋಪಾನವಾಗಿ ಹೊತ್ತು ತಂದು ನನ್ನ ಮುಂದಿಟ್ಟು ಅರ್ಥ ಕೇಳುತ್ತಿದ್ದ.

ನಮ್ಮ ಕಡೆ ಕೆಟ್ಟ ಸುದ್ದಿಯನ್ನು ನೆಟ್ಟಗೆ ಹೇಳುವ ರೂಢಿಯೇ ಇಲ್ಲ. ಸತ್ತು ತಾಸಾಗಿದ್ದರೂ ಫೋನಿನಲ್ಲಿ "ಸ್ವಲ್ಪ ಸೀರಿಯಸ್ ಅದಾರ, ಲಗೂ ಬರ್ರಿ" ಎಂದೇ ಹೇಳುತ್ತೇವೆ. ನನ್ನ ಅಪ್ಪ ತೀರಿಕೊಂಡಾಗ ನನಗೂ ಹಾಗೇ ಹೇಳಿದ್ದರು, ಬಸ್ಸಿನಲ್ಲಿ ಅವರಿಗೆಂದು ಮೋಸಂಬಿ ಹಿಡಿದುಕೊಂಡು ಕೂತಿದ್ದೆ. ಆ ಮೋಸಂಬಿಯ ಸಂಕಟ ಗೊತ್ತಿದ್ದವಳು ನಾನು. ಆದರೂ ನನ್ನ ಬಾಯಿಂದ ಬಂದದ್ದು ಅದೇ ಜಾತಿಯ ಮಾತು.

"ಜಡ್ಡು ಮೆಲ್ಲಕ ಇಳ್ಯಾಕತ್ತೇತಿ ಅಂತ್ರಿ ಕಾಕಾ. ಇನ್ನೊಂದೆರಡು ದಿನ ಇಲ್ಲೇ ಇರ್ಲಿ ಅಂತ."

ಕಾಕಾ ನನ್ನ ಮುಖ ನೋಡಿದರು. "ನಾ ಏನರೆ ಬಿಟ್ಟೇನೇನ್ರಿ?" ಎಂದು ಕೇಳಿ, ಇನ್ನೊಮ್ಮೆ ನಿಧಾನವಾಗಿ, ಒಂದೊಂದೇ ಶಬ್ದ ಎತ್ತಿಟ್ಟಂತೆ ಪೂರ್ತಿ ಹೇಳಿದರು. ನನಗೆ ಎರಡನೆಯ ಅವಕಾಶ ಸಿಕ್ಕಿತ್ತು. ನಾನು ಎರಡನೆಯ ಸಲವೂ ಅದನ್ನೇ ಹೇಳಿದೆ. ಅವರು ಕೈ ಮುಗಿದು ಲಗುಬಗೆಯಿಂದ ಇಳಿದುಹೋದರು. ಓಡಿ ಹೋಗಿ ತಡೆಯಬೇಕೆನ್ನಿಸಿತು, ಆದರೆ ಕಪ್ಪು ಹಲಗೆಯ ಕಡೆ ತಿರುಗಿ ಪಾಠ ಮುಂದುವರಿಸಿದೆ. ಹೇಡಿ ಅನ್ನುವುದಕ್ಕೆ ನನಗೆ ಎರಡು ಭಾಷೆಯಲ್ಲೂ ಬೇಕಾದಷ್ಟು ಶಬ್ದ ಗೊತ್ತಿವೆ.

ಮರುದಿನ ಹನ್ನೊಂದಕ್ಕೆ ಹಿಂದಿನ ಬೆಂಚು ಖಾಲಿ ಇತ್ತು. ಗಂಗವ್ವ ನಸುಕಿನಲ್ಲಿ ವಾರ್ಡಿನಲ್ಲೇ ಹೋಗಿಬಿಟ್ಟಿದ್ದಳು.

ಮಣ್ಣಿಗೆ ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಮೂರು ವಾರದ ಮೇಲೆ ಅವರೇ ಬಂದರು. ಪಾಠ ಮುಗಿದು ಹುಡುಗಿಯರೆಲ್ಲ ಹೋಗುವವರೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದು, ಆಮೇಲೆ ಕೇಳಿದರು.

"ಆ ಸೋಮವಾರದ ಮಾತಿನ ಅರ್ಥ ಈಗರೆ ಹೇಳ್ರಿ."

ಹೇಳಿದೆ. ಮೂರೂ ವಾಕ್ಯಗಳನ್ನು ಬಿಡಿಸಿ, ಕಡೆಯದನ್ನೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೆ. ಬಯ್ಯಿರಿ ಕಾಕಾ ಎಂದೆ. ಅವರು ಬಯ್ಯಲಿಲ್ಲ.

"ಬೈಯಾಕ ಬಂದಿಲ್ರಿ. ಡಾಕ್ಟರ್‌ಗೂ ಹೇಳಾಕ ಆಗ್ಲಿಲ್ಲ, ನಿಮಗೂ ಆಗ್ಲಿಲ್ಲ. ನನಗ ಹೇಳಾಕ ಯಾರಿಗೂ ಆಗ್ಲಿಲ್ಲ" ಎಂದು ಎದ್ದು ಟೋಪಿ ಸರಿಮಾಡಿಕೊಂಡರು. ಬಾಗಿಲ ತನಕ ಹೋದವರು ತಿರುಗಿ ನಿಂತರು. ಅದೇ ನಾನು ಅವರನ್ನು ಕಂಡ ಕಡೆಯ ಸಲ.

"ಅವತ್ತು ನಿಮ್ಮ ಕಡಿಂದ ಹೋದಾಗ ಆಕಿ ಮತ್ತ ಮನಿ ಮನಿ ಅಂತ ಹಟ ಹಿಡದಿದ್ಲ್ರಿ. ಎರಡು ದಿನ ತಡಿ, ಅಕ್ಕೋರು ಹೇಳ್ಯಾರ ಅಂದೆ. ಅಕ್ಕೋರು ಹೇಳಿದ್ರ ಖರೇನ ಇರ್ತೈತಿ ಅಂತ ಸುಮ್ಮನಾದ್ಲು. ಆಮ್ಯಾಲೆ ಮನಿ ಅನ್ನೋ ಮಾತ ಎತ್ತಲಿಲ್ರಿ."