ಕೋಟಿನ ಒಳಹೊಲಿಗೆ

ಅಲ್ಲ, ಗರಡಿಯಲ್ಲಿ ಎದೆ ಬೆಳೆದ ಮೇಲೆಯೇ ಕೋಟು ಸರಿಹೋಯಿತೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆನಲ್ಲ, ಅದು ನಡೆದದ್ದು ಹಾಗೆಯೇ? ನಿನ್ನೆ ಪೆಟ್ಟಿಗೆಯ ತಳದಿಂದ ಆ ಕಪ್ಪು ಕೋಟು ತೆಗೆದು ಕೊಡವಿದಾಗ ನುಸಿಗುಳಿಗೆಯ ವಾಸನೆಯ ಜೊತೆ ಈ ಅನುಮಾನವೂ ಎದ್ದಿತು. ಕಂಕುಳ ಕೆಳಗೆ, ಒಳಗಡೆ, ಎರಡೂ ಪಕ್ಕ ಅಗಲ ಕಡಿಮೆಯಾಗುವಂತೆ ಬಟ್ಟೆ ಹಿಡಿದು ಇನ್ನೊಂದು ಹೊಲಿಗೆ ಹಾಕಿದ್ದಾರೆ. ದಾರದ ಬಣ್ಣ ಬೇರೆ.

ಮಹಾರಾಜರ ಕಾಲದಲ್ಲಿ ನಾನು ಹುಣಸೂರಿನಲ್ಲಿ ಮೇಷ್ಟ್ರಾಗಿದ್ದಾಗಿನ ಮಾತು. ನೀವು ಆಗ ನನ್ನನ್ನು ನೋಡಿದ್ದರೆ, ಮಡಿಸಿದ ಛತ್ರಿಯೊಂದು ತಾನೇ ನಡೆದು ಬರುತ್ತಿದೆ ಎನ್ನುತ್ತಿದ್ದಿರಿ. ಗರಡಿಗೆ ಸೇರುತ್ತಿದ್ದೆ, ಬಿಡುತ್ತಿದ್ದೆ. ಮೈನೋವು ಬರೀ ನೆಪ. ದಂಡ ಹೊಡೆಯುವಾಗಲೆಲ್ಲ ನನ್ನೊಳಗೊಬ್ಬ, ಇದು ನಿನ್ನಂಥವನ ಕೆಲಸವಲ್ಲ ಎನ್ನುತ್ತಿದ್ದ. ಅವನ ಮಾತನ್ನು ನಂಬುತ್ತಿದ್ದೆ.

ದರ್ಜಿ ಕರೀಂ ಸಾಹೇಬರು ಹೊಲಿದುಕೊಟ್ಟ ಕೋಟಿನಲ್ಲಿ ಇನ್ನೊಬ್ಬ ಮೇಷ್ಟ್ರಿಗೆ ಜಾಗವಿತ್ತು.

"ಯಾರ ಅಳತೆ ಸಾಹೇಬ್ರೆ ಇದು?" ಎಂದೆ.

"ನಿಮ್ದೇ ಕಣ್ರೀ. ಇವತ್ತಿಂದಲ್ಲ, ಮುಂದಿಂದು. ಗರಡಿಗೆ ಓಯ್ತೀನಿ ಅಂತೀರಲ್ಲ? ಕೋಟ್ ನಾನ್ ಒಲ್ದಿವ್ನಿ, ಮೈ ನೀವ್ ತುಂಬ್ಸಿ."

ಅಂಗಡಿಯಲ್ಲಿದ್ದವರು ನಕ್ಕರು. ಹಠ ಹತ್ತಿ ಮತ್ತೆ ಗರಡಿಯ ಕೆಂಪುಮಣ್ಣಿಗೆ ಇಳಿದೆ. ಎಂದಿನಂತೆ ಬಿಡುವ ದಿನವೂ ಹತ್ತಿರವಾಗಿತ್ತು. ಅಷ್ಟರಲ್ಲಿ ಕೋಟಿನ ಗುಂಡಿ ಕಿತ್ತುಬಂದು, ನನ್ನ ಹೆಂಡತಿ ಕೋಟನ್ನು ಸಾಹೇಬರಲ್ಲಿಗೆ ಕಳಿಸಿದಳು. ವಾಪಸು ಬಂದದ್ದನ್ನು ತೊಟ್ಟರೆ ಎದೆಗೆ ಅಚ್ಚುಕಟ್ಟಾಗಿ ಕೂತಿತು! ಸಂತೆಯಲ್ಲಿ ವೀಳ್ಯದೆಲೆ ಮಾರುವವನು ಕೂಗಿದ: "ಓಹೋ, ಪೈಲ್ವಾನ್ ಮೇಷ್ಟ್ರು! ದಾರಿ ಬುಡ್ರಲಾ!"

ಗೇಲಿಯಿರಬಹುದು. ಆಗ ಹಾಗೆ ಕೇಳಿಸಲಿಲ್ಲ. ಮಾರನೆಯ ಬೆಳಿಗ್ಗೆ ಪೈಲ್ವಾನ್ ಮೇಷ್ಟ್ರು ಹೊದ್ದು ಮಲಗಿರುವುದು ಹೇಗೆ? ಎದ್ದು ಹೋದೆ. ಆಮೇಲೆ ವರ್ಷಗಟ್ಟಲೆ ಹೋದೆ. ಈಚೆಗೆ ಮಂಡಿನೋವೆಂದು ನಿಲ್ಲಿಸಿದಾಗಲೂ, ನಾನು ಗರಡಿಯವನು, ಬೇಕೆಂದಾಗ ಶುರುಮಾಡಬಲ್ಲೆ ಎಂಬ ಧೈರ್ಯವಿತ್ತು. ನಿನ್ನೆಯಿಂದ ಅದಿಲ್ಲ.

ಹೆಂಡತಿಯನ್ನು ಕೇಳಿದೆ: "ಕೋಟು ಚಿಕ್ಕದು ಮಾಡಿ ಅಂತ ಸಾಹೇಬ್ರಿಗೆ ಹೇಳಿಕಳಿಸಿದ್ದು ನೀನಾ?"

"ನಾನ್ ಕಳ್ಸಿದ್ದು ಗುಂಡಿ ಆಕ್ಸೋಕೆ. ಆಮೇಲ್ ನೀವು ಜ್ವರ ಬಂದು ಕಡ್ಡಿ ಆದಾಗ ಒಂದ್ಸಲ ಹಿಡ್ಸಿದ್ವಲ್ಲ, ಅದೇ ಇರ್ಬೇಕು." ಸೆರಗಿನಿಂದ ಬಾಯಿ ಒರೆಸಿಕೊಂಡಳು. ಒರೆಸಿದ್ದು ನಗೆಯನ್ನೋ? "ಅಷ್ಟ್ ವರ್ಸ ದಂಡ ಒಡ್ದೋರು ಯಾರು, ಸಾಹೇಬ್ರಾ? ಸುಮ್ಕಿರಿ ಅತ್ಲಾಗೆ."

ಇದು ಉತ್ತರವೋ, ಮಾತು ತಪ್ಪಿಸುವ ಉಪಾಯವೋ. ಜ್ವರ ನನಗೆ ನೆನಪಿದೆ, ಕೋಟು ಹಿಡಿಸಿದ್ದು ನೆನಪಿಲ್ಲ. ಕೇಳೋಣವೆಂದರೆ ಸಾಹೇಬರು ತೀರಿಕೊಂಡು ಬಹಳ ಕಾಲವಾಯಿತು.

ಇವತ್ತು ಬೆಳಿಗ್ಗೆ ಕೋಟನ್ನು ತೊಟ್ಟು ನೋಡದೆ ಪೆಟ್ಟಿಗೆಗೆ ಹಾಕಿದೆ. ಹಿತ್ತಿಲಿಗೆ ಹೋಗಿ, ನೆಲಕ್ಕೆ ಕೈಯೂರಿ, ಒಂದು ದಂಡ ಹೊಡೆದೆ. ಒಳಗಿನವನು ಹಳೆಯ ಮಾತನ್ನೇ ಹೇಳಿದ. ಈ ಸಲ ಅವನ ಮೇಲೂ ಅನುಮಾನ ಬಂತು, ಇನ್ನೊಂದು ಹೊಡೆದೆ. ಆ ಹೊಲಿಗೆ ಬಿದ್ದದ್ದು ಜ್ವರ ಬಂದಾಗಲೋ, ಗುಂಡಿ ಹಾಕಿದಾಗಲೋ, ನನಗೆ ಗೊತ್ತಿಲ್ಲ.